ಗೊಮ್ಮಟರಾಯ ಶ್ರೀ ಚಾವುಂಡರಾಯ

ನೂತನ ಜಿನಬಿಂಬದ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವು ನೆರವೇರುತ್ತಿರುವ ಈ ಪುಣ್ಯಾವಸರದಲ್ಲಿ, ಜಿನಾಲಯಗಳನ್ನು ಮಾಡಿಸಿದ ಪೂರ್ವಿಕರಲ್ಲಿ ಅಗ್ರಗಣ್ಯನಾದ ಗಂಗರ ಮಂತ್ರಿ ಹಾಗೂ ದಂಡನಾಯಕ ಚಾವುಂಡರಾಯನ ಜೀವನವನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ. ಈ ಮಹಾಪುರುಷನ ಹೆಸರನ್ನು ಕೇಳದ ಶ್ರಾವಕನಿಲ್ಲ. ಆದರೆ ಆತನ ಇನ್ನೊಂದು ಹೆಸರು ಒಂದು ಬೆಟ್ಟಕ್ಕೆ, ಒಂದು ಗ್ರಂಥಕ್ಕೆ, ಕಡೆಗೆ ಭಗವಾನ್ ಬಾಹುಬಲಿಗೇ ಸಂದ ಬಗೆಯನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಆ ಹೆಸರೇ ಗೊಮ್ಮಟ.

ಊರು, ವ್ಯಕ್ತಿ, ಕಟ್ಟಡಗಳು ಒಂದೇ ಹೆಸರನ್ನು ಹೊತ್ತಿರುವುದು ನಮಗೆ ಹೊಸತಲ್ಲ. ಮದಕರಿಪುರವೆಂದೊಡನೆ ಚಿತ್ರದುರ್ಗದ ಪಾಳೆಯಗಾರ ಮದಕರಿನಾಯಕನು ನೆನಪಿಗೆ ಬರುತ್ತಾನೆ. ಆ ವಂಶದಲ್ಲಿಯೂ ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಆಳಿದರು. 1779ರಲ್ಲಿ ಹೈದರಾಲಿಗೆ ದುರ್ಗವನ್ನು ಕಳೆದುಕೊಂಡವನು ಅವರಲ್ಲಿ ಕೊನೆಯವನು. ಹೆಸರು ಒಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದು ತಿಳಿಯಲಾಗದು. ಚಾವುಂಡರಾಯನ ವಿಷಯದಲ್ಲಿಯೂ ಈ ಎಚ್ಚರಿಕೆ ಅವಶ್ಯಕ. 11ನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಲೋಕೋಪಕಾರವೆಂಬ ಗ್ರಂಥವನ್ನು ರಚಿಸಿದ ಚಾವುಂಡರಾಯನು ಬೇರೆಯವನು. ನಾವು ಇಲ್ಲಿ ಸ್ಮರಿಸುತ್ತಿರುವವನು ಅವನಿಗಿಂತ ಹಿಂದಿನ, 10ನೆಯ ಶತಮಾನದ ಪುರುಷ.

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದವನು. ತಾಯಿ ಕಾಳಲಾದೇವಿ. ಅಜಿತಸೇನಾಚಾರ್ಯರು ಆತನ ಗುರುಗಳು; ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳೂ ಆತನಿಗೆ ಆಗಮದ ಮರ್ಮವನ್ನು ಬೋಧಿಸಿದರು. ಗೊಮ್ಮಟನೆಂಬುದು ಆತನನ್ನು ಪ್ರೀತಿಯಿಂದ ಕರೆಯುತ್ತಿದ್ದ ಹೆಸರೆಂದು ವಿದ್ವಾಂಸರು ಹೇಳುತ್ತಾರೆ. ರಾಯನೆಂಬ ಬಿರುದು ಆತನ ಔದಾರ್ಯಕ್ಕೆ ಸಂದದ್ದು; ಅಣ್ಣನೆಂಬ ಹೆಸರೂ ಆತನಿಗಿತ್ತು.

ಆತನ ಯೌವನವು ಕಳೆದದ್ದು ರಣರಂಗದಲ್ಲಿ. ಗಂಗ ದೊರೆ ಮಾರಸಿಂಹನು 963ರಲ್ಲಿ ಪಟ್ಟಕ್ಕೆ ಬಂದನು. ಆಗ ಇಂದಿನ ಚಿತ್ರದುರ್ಗದ ಸೀಮೆಯು ನೊಳಂಬವಾಡಿ ಮೂವತ್ತೆರಡು ಸಾಸಿರದೊಳಗೆ ಸೇರಿತ್ತು. ಹಿರಿಯೂರಿನಿಂದ ಬಹುದೂರವಲ್ಲದ ಹೇಮಾವತಿಯು ಅಂದು ಹೆಂಜೇರುವೆಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಮಾರಸಿಂಹನು ಇವರನ್ನು ಸೋಲಿಸಿ ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಈ ಕಾಳಗಗಳಲ್ಲಿ ಚಾವುಂಡರಾಯನ ಪಾಲು ದೊಡ್ಡದು. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ನಡೆದ ಯುದ್ಧದಿಂದ ಆತನಿಗೆ ವೀರಮಾರ್ತಂಡನೆಂಬ ಬಿರುದೂ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿದ್ದರಿಂದ ರಣರಂಗಸಿಂಗನೆಂಬ ಬಿರುದೂ ದೊರೆತವು. ಆ ಉಚ್ಚಂಗಿಯೇ ಇಂದಿನ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ. ಚಿತ್ರದುರ್ಗದ ಸಮೀಪದಲ್ಲಿ ಗೋನೂರೆಂಬ ಗ್ರಾಮವು ಇಂದಿಗೂ ಇದೆ. ಆದರೆ ಹೆಸರೊಂದನ್ನೇ ಹಿಡಿದು ಆ ರಣಭೂಮಿ ಇದೇ ಎಂದು ಸಾಧಿಸಹೊರಡುವುದು ಸಲ್ಲದು. ಗಂಗರ ಸೇನೆಯೊಡನೆ ಆತನು ನಮ್ಮ ಈ ನೊಳಂಬ ಸೀಮೆಯ ಮೇಲೆ ದಂಡೆತ್ತಿ ಬಂದವನೆಂಬುದಷ್ಟೇ ನಮಗೆ ಸಾಕಾದ ಸಂಬಂಧ.

ಮತ್ತೊಂದು ಬಿರುದಿನ ಹಿಂದೆ ಮನೆಯ ದುಃಖವಿದೆ. ಆತನ ತಮ್ಮ ನಾಗವರ್ಮನನ್ನು ಮುದುರಾಚಯ್ಯನೆಂಬುವನು ಕೊಂದನು. ಅಣ್ಣನು ಆ ವೈರಿಯನ್ನು ವಧಿಸಿ ಸೇಡು ತೀರಿಸಿಕೊಂಡು ಸಮರಪರಶುರಾಮನೆನಿಸಿದನು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಕುಲದಲ್ಲಿ ಹುಟ್ಟಿಯೂ ರಾಜಸೇವೆಯ ನಿಮಿತ್ತವಾಗಿಯೂ ಸೋದರಪ್ರೇಮದ ನಿಮಿತ್ತವಾಗಿಯೂ ಕತ್ತಿ ಹಿಡಿದ ಈ ಶ್ರಾವಕನ ಬಾಳಿನ ಈ ಭಾಗವನ್ನು ಮರೆಮಾಚುವ ಅಗತ್ಯವಿಲ್ಲ. ಮುಂದೆ ಆತನು ಮಾಡಿದ ಕಾರ್ಯದ ಹಿರಿಮೆಯು ಇದರಿಂದಲೇ ಸ್ಪಷ್ಟವಾಗುತ್ತದೆ.

974ರ ಸುಮಾರಿಗೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಬಳಿಕ ರಾಚಮಲ್ಲನ ಆಳ್ವಿಕೆಯಲ್ಲಿ ಚಾವುಂಡರಾಯನು ಮಂತ್ರಿಯಾಗಿ ಮುಂದುವರಿದನು. ರಾಷ್ಟ್ರಕೂಟ ಸಾಮ್ರಾಜ್ಯವು ಕುಸಿದುಬಿದ್ದ ಆ ಸಂಕಟದ ಕಾಲದಲ್ಲಿಯೇ ಆತನ ಲೇಖನಿಯೂ ನಡೆಯಿತು. 978ರಲ್ಲಿ ಆತನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಪೂರೈಸಿದನು. ಇಪ್ಪತ್ತನಾಲ್ವರು ತೀರ್ಥಂಕರರೂ ಹನ್ನೆರಡು ಚಕ್ರವರ್ತಿಗಳೂ ತಲಾ ಒಂಬತ್ತು ಬಲದೇವ, ವಾಸುದೇವ, ಪ್ರತಿವಾಸುದೇವರೂ ಸೇರಿ 63 ಶಲಾಕಾಪುರುಷರ ಚರಿತ್ರೆ ಅದರಲ್ಲಿದೆ. ಸಂಸ್ಕೃತವನ್ನರಿಯದ ಸಾಮಾನ್ಯ ಶ್ರಾವಕನೂ ಓದಿ ತಿಳಿಯಲೆಂದು ಆಡುನುಡಿಗೆ ಸಮೀಪವಾದ ಗದ್ಯವನ್ನು ಆರಿಸಿದ್ದು ದೊಡ್ಡ ಉಪಕಾರ. ಆ ಗ್ರಂಥವನ್ನು ಜನರು ಇಂದು ಚಾವುಂಡರಾಯಪುರಾಣವೆಂದೇ ಕರೆಯುತ್ತಾರೆ. ಸಂಸ್ಕೃತದಲ್ಲಿ ಚಾರಿತ್ರಸಾರವೆಂಬ ಗ್ರಂಥವನ್ನೂ ಆತನು ರಚಿಸಿದನು.

ವಿದ್ಯಾವಂತರನ್ನು ಗುರುತಿಸಿ ಪೊರೆಯುವ ಗುಣವೂ ಆತನಲ್ಲಿತ್ತು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನರಸಿ ಗಂಗನಾಡಿಗೆ ಬಂದಾಗ ಆಶ್ರಯವಿತ್ತವನು ಚಾವುಂಡರಾಯ. ಮುಂದೆ ಕವಿಚಕ್ರವರ್ತಿಯೆನಿಸಿದ ರನ್ನನು ಉಪಕಾರವನ್ನು ಮರೆಯದೆ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ವ್ಯಾಪಾರದ ಮನೆತನಗಳಿಂದ ಬಂದ ನಮ್ಮಂಥವರಿಗೆ ಬಳೆಗಾರನ ಮಗನ ಈ ಕೃತಜ್ಞತೆಯು ವಿಶೇಷವಾಗಿ ಹಿತವಾಗುತ್ತದೆ.

ಇನ್ನು ಶ್ರವಣಬೆಳಗೊಳದ ಮಹಾಕಾರ್ಯ. ಪೌದನಪುರದಲ್ಲಿ ಭರತ ಚಕ್ರವರ್ತಿಯು ಮಾಡಿಸಿದ ಬಾಹುಬಲಿಯ ಬಿಂಬವನ್ನು ಕಾಣಬೇಕೆಂದು ಕಾಳಲಾದೇವಿಯು ಹಂಬಲಿಸಿದಳೆಂದೂ, ಮಗನು ತಾಯಿಯನ್ನು ಕರೆದುಕೊಂಡು ಹೊರಟು ಬೆಳಗೊಳದಲ್ಲಿ ತಂಗಿದಾಗ ಸ್ವಪ್ನದಲ್ಲಿ ಆದೇಶವಾಯಿತೆಂದೂ, ಚಿಕ್ಕಬೆಟ್ಟದಿಂದ ಬಿಟ್ಟ ಬಾಣವು ದೊಡ್ಡಬೆಟ್ಟದ ಶಿಲೆಗೆ ತಗುಲಿ ಸ್ವಾಮಿಯ ರೂಪವು ತೋರಿತೆಂದೂ ಪರಂಪರೆಯು ಹೇಳುತ್ತದೆ. ಆತನು ನಿಂತು ಬಾಣ ಬಿಟ್ಟನೆನ್ನುವ ಚಾವುಂಡರಾಯನ ಬಂಡೆಯನ್ನು ಯಾತ್ರಿಕರು ಇಂದಿಗೂ ನೋಡುತ್ತಾರೆ. 978ರ ಪುರಾಣದಲ್ಲಿ ಈ ವಿಗ್ರಹದ ಮಾತಿಲ್ಲ. 993ರಲ್ಲಿ ರಚಿತವಾದ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆಯು ಕುಕ್ಕುಟೇಶ್ವರನ ದರ್ಶನ ಮಾಡಿದ ಪ್ರಸಂಗವಿದೆ. ಆದುದರಿಂದ ಈ ಎರಡು ವರ್ಷಗಳ ನಡುವೆ ಪ್ರತಿಷ್ಠೆಯು ನಡೆದಿರಬೇಕೆಂದು ವಿದ್ವಾಂಸರು ತರ್ಕಿಸಿದ್ದಾರೆ. 981ನೆಯ ವರ್ಷವನ್ನು ಗಣನೆಗೆ ತೆಗೆದುಕೊಂಡು 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವು ನೆರವೇರಿತು.

ಸುಮಾರು 58 ಅಡಿಯ ಆ ಮೂರ್ತಿಯು ಯಾರದು? ಅಣ್ಣನೊಡನೆ ಹೋರಾಡಿ, ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನೂ ವೈರವನ್ನೂ ತೊರೆದು ನಿಂತವನದು. ತಮ್ಮನಿಗಾಗಿ ಸೇಡು ತೀರಿಸಿಕೊಂಡ ದಂಡನಾಯಕನು ಸೇಡನ್ನು ಬಿಟ್ಟ ತಮ್ಮನ ಬಿಂಬವನ್ನು ಲೋಕಕ್ಕೆ ಕೊಟ್ಟನು. ಆತನ ಬಿರುದುಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಈ ಒಂದು ಬಿಂಬವನ್ನು ಮತ್ತೊಂದರಲ್ಲಿಟ್ಟರೆ ತಕ್ಕಡಿಯು ಯಾವ ಕಡೆಗೆ ಬಾಗುವುದೆಂದು ಹೇಳಬೇಕಾಗಿಲ್ಲ.

ಹೆಸರಿನ ವಿಷಯಕ್ಕೆ ಬರೋಣ. ನೇಮಿಚಂದ್ರಾಚಾರ್ಯರು ತಮ್ಮ ಶಿಷ್ಯನಿಗಾಗಿ ಸಿದ್ಧಾಂತದ ಸಾರವನ್ನು ಪ್ರಾಕೃತದಲ್ಲಿ ಸಂಗ್ರಹಿಸಿ, ಜೀವಕಾಂಡ ಕರ್ಮಕಾಂಡಗಳೆಂಬ ಎರಡು ಭಾಗಗಳ ಆ ಗ್ರಂಥಕ್ಕೆ ಗೊಮ್ಮಟಸಾರವೆಂದು ಹೆಸರಿಟ್ಟರು. ಅದರ ಕೊನೆಯ ಭಾಗದ ಒಂದು ಗಾಹೆಯಲ್ಲಿ ಗೊಮ್ಮಟವೆಂಬ ಸಂಗ್ರಹಸೂತ್ರಕ್ಕೂ, ಗೊಮ್ಮಟ ಶಿಖರದ ಮೇಲಿನ ಗೊಮ್ಮಟಜಿನನಿಗೂ, ಗೊಮ್ಮಟರಾಯನು ನಿರ್ಮಿಸಿದ ದಕ್ಷಿಣಕುಕ್ಕುಟಜಿನನಿಗೂ ಅವರು ಜಯವನ್ನು ಕೋರಿದ್ದಾರೆ. ಗ್ರಂಥ, ಬೆಟ್ಟ, ಬಸದಿಯ ಬಿಂಬ, ಮನುಷ್ಯ ಎಲ್ಲಕ್ಕೂ ಒಂದೇ ಹೆಸರು. ಅಲ್ಲಿ ಗೊಮ್ಮಟಜಿನನೆಂದರೆ ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯ ನೇಮಿನಾಥಸ್ವಾಮಿಯೆಂದು ವಿವರಿಸುತ್ತಾರೆ. ಬಾಹುಬಲಿಗೆ ಇನ್ನೂ ಕುಕ್ಕುಟಜಿನನೆಂಬ ಹೆಸರೇ ಇದೆ. 12ನೆಯ ಶತಮಾನದ ಬೊಪ್ಪಣ ಪಂಡಿತನ ಶಾಸನದ ವೇಳೆಗೆ ಬಾಹುಬಲಿಯೇ ಗೊಮ್ಮಟನಾಗಿದ್ದಾನೆ. ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರನೆಂದು ಡಾ. ಎ. ಎನ್. ಉಪಾಧ್ಯೆಯವರು ವಿವರಿಸಿದರು. ಬಾಹುಬಲಿಯು ಮೊದಲನೆಯ ಕಾಮದೇವನಾದುದರಿಂದ ಮನ್ಮಥ ಶಬ್ದವೇ ಗೊಮ್ಮಟವಾಯಿತೆಂದು ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದರು. ನೇಮಿಚಂದ್ರರ ಗಾಹೆಯನ್ನು ನೋಡಿದರೆ ಮೊದಲನೆಯ ಅಭಿಪ್ರಾಯವೇ ಬಲವಾದುದೆಂದು ನನಗೆ ತೋರುತ್ತದೆ.

ಅಲ್ಲಿಂದ ಮುಂದೆ ಆ ಹೆಸರಿನ ಸಂಚಾರಕ್ಕೆ ತಡೆಯಿಲ್ಲ. 1432ರಲ್ಲಿ ವೀರಪಾಂಡ್ಯನು ಕಾರ್ಕಳದಲ್ಲಿಯೂ, 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿಯೂ ಮಾಡಿಸಿದ ಬಾಹುಬಲಿ ಬಿಂಬಗಳು ಗೊಮ್ಮಟಗಳೇ. 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ ಮೂರ್ತಿಯನ್ನೂ ಜನರು ಹಾಗೆಯೇ ಕರೆಯುತ್ತಾರೆ. ಮೈಸೂರಿನ ಸಮೀಪದ ಬೆಟ್ಟವು ಗೊಮ್ಮಟಗಿರಿ. ಹೀಗೆ ಕರೆಯುವವರಲ್ಲಿ ಎಷ್ಟೋ ಮಂದಿಗೆ ಅದು ಒಬ್ಬ ಶ್ರಾವಕನ ಹೆಸರೆಂಬುದು ತಿಳಿಯದು.

ಇಷ್ಟು ದೊಡ್ಡ ಬಿಂಬವನ್ನು ಮಾಡಿಸಿದವನು ಅದರ ಪಾದದ ಬಳಿ ಬರೆಸಿದ್ದು, ಚಾವುಂಡರಾಜನು ಇದನ್ನು ಮಾಡಿಸಿದನೆಂಬ ಒಂದು ಸಣ್ಣ ವಾಕ್ಯವನ್ನು ಮಾತ್ರ. ಆತನ ಪರಾಕ್ರಮದ ವಿವರವಾದ ಶಾಸನವು ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ನಾಲ್ಕು ಮುಖಗಳಲ್ಲಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬುವನು ತಾನು ಯಕ್ಷನನ್ನು ಮಾಡಿಸಿದೆನೆಂಬ ಎರಡೂವರೆ ಸಾಲನ್ನು ಬರೆಸುವುದಕ್ಕಾಗಿ ಅದರ ಮೂರು ಮುಖಗಳನ್ನು ಅಳಿಸಿಹಾಕಿಸಿದನು. ಉಳಿದದ್ದು ಒಂದೇ ಮುಖ. ಅಳಿದ ಮೂರು ಮುಖಗಳೊಡನೆ ನಮ್ಮ ಇತಿಹಾಸದ ಒಂದು ಅಮೂಲ್ಯ ಭಾಗವೂ ಹೋಯಿತು. ಆದರೂ ಚಾವುಂಡರಾಯನ ಹೆಸರಿಗೆ ಕುಂದು ಬರಲಿಲ್ಲ. ಕಣ್ಣನು ಮಾತ್ರ ಹಿರಿಯರ ಬರಹವನ್ನು ಅಳಿಸಿದವನೆಂದೇ ನೆನಪಿನಲ್ಲಿ ಉಳಿದನು.

ಗುಳ್ಳಕಾಯಜ್ಜಿಯ ಕಥೆಯೂ ಇದನ್ನೇ ಹೇಳುತ್ತದೆ. ರಾಯನು ಸುರಿಸಿದ ಕೊಡಗಟ್ಟಲೆ ಹಾಲು ಸ್ವಾಮಿಯ ಸೊಂಟದಿಂದ ಕೆಳಗೆ ಇಳಿಯದಿರಲು, ಬಡಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಪಾದದವರೆಗೂ ಹರಿಯಿತೆಂಬುದು ಪ್ರತೀತಿ. ಬಿಂಬದ ಎದುರಿಗೇ ಆ ಅಜ್ಜಿಯ ಶಿಲಾಮೂರ್ತಿ ನಿಂತಿದೆ. ತಂದೆಯ ಹೆಸರಿನ ಬಸದಿಗೆ ಮಗ ಜಿನದೇವಣನು ಮೇಲಂತಸ್ತನ್ನು ಕಟ್ಟಿಸಿ ಪಾರ್ಶ್ವನಾಥಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ತನ್ನ ಹೆಸರಿಗಾಗಿ ತಂದೆಯ ಹೆಸರನ್ನು ಕೆಳಗಿಳಿಸಲಿಲ್ಲ.

ಜಿನಾಲಯವೊಂದು ಮೇಲೇಳುವಾಗ ದಾನಿಗಳ ಹೆಸರುಗಳನ್ನು ಶಿಲಾಫಲಕದಲ್ಲಿ ಕೆತ್ತಿಸುವುದು ಸಹಜವೂ ನ್ಯಾಯವೂ ಆದ ಪದ್ಧತಿ. ಯಾರ ಹೆಸರು ಮೊದಲು, ಯಾರ ಅಕ್ಷರ ದೊಡ್ಡದು ಎಂಬ ಚರ್ಚೆ ಎದ್ದಾಗ ಆ ಕಂಬದ ಮೂರು ಬರಿದಾದ ಮುಖಗಳನ್ನು ನಾವು ನೆನೆಯಬೇಕು. ಮುಂದಿನವರು ಜೀರ್ಣೋದ್ಧಾರ ಮಾಡಿಸುವಾಗ ಹಿಂದಿನವರ ಒಂದಕ್ಷರವೂ ಅಳಿಯದಂತೆ ಕಾಯುವುದು ಪ್ರತಿಷ್ಠೆಯಷ್ಟೇ ಪುಣ್ಯದ ಕೆಲಸ. ತನ್ನ ಹೆಸರನ್ನೇ ಭಗವಂತನಿಗೆ ಸಂದಾಯ ಮಾಡಿದ ಗೊಮ್ಮಟರಾಯನ ಸ್ಮರಣೆಯು ನಮ್ಮೆಲ್ಲರಲ್ಲಿ ಧರ್ಮಬುದ್ಧಿಯನ್ನು ಬೆಳೆಸಲೆಂದೂ, ಈ ಪ್ರತಿಷ್ಠಾ ಮಹೋತ್ಸವವು ಸಕಲರಿಗೂ ಮಂಗಳವನ್ನುಂಟುಮಾಡಲೆಂದೂ ಶ್ರೀ ಜಿನೇಶ್ವರನಲ್ಲಿ ಪ್ರಾರ್ಥಿಸುತ್ತೇನೆ.