ಭಾನುವಾರದ ಶಾಲೆಯ ದೊಡ್ಡಮ್ಮ

ಪುಟಾಣಿಗಳೇ, ನಿಮ್ಮ ಪಾಠದ ಪುಸ್ತಕದಲ್ಲಿ ಅಲ್ಲಲ್ಲಿ ಕಾಗದದ ತುಂಡು ಅಂಟಿಸಿದ್ದರೆ ನೀವೇನು ಮಾಡುತ್ತೀರಿ? ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತೀರಿ. ಉಗುರಿನಿಂದ ಒಂದು ಮೂಲೆ ಎಬ್ಬಿಸಿ ಇಣುಕುತ್ತೀರಿ. ಅಮೆರಿಕದ ಫಿಲಡೆಲ್ಫಿಯಾ ಊರಿನ ಒಂದು ಭಾನುವಾರದ ಶಾಲೆಯಲ್ಲಿ 150 ವರ್ಷಕ್ಕೂ ಹಿಂದೆ ಮಕ್ಕಳು ಇದನ್ನೇ ಮಾಡುತ್ತಿದ್ದರು.

ಅದು ಯಹೂದಿ ಮಕ್ಕಳ ಶಾಲೆ. ಅಲ್ಲಿಗೆ ತಕ್ಕ ಪುಸ್ತಕಗಳು ಇರಲಿಲ್ಲ. ಸಿಕ್ಕಿದ್ದು ಕ್ರೈಸ್ತರ ಭಾನುವಾರದ ಶಾಲೆಗಳಿಗಾಗಿ ಅಚ್ಚಾದ ಚಿತ್ರಗಳ ಪುಟ್ಟ ಪುಸ್ತಕ. ನೋಹ, ಮೋಶೆ, ದಾವೀದ ಇವರ ಕಥೆಗಳು ಎರಡೂ ಧರ್ಮದವರಿಗೆ ಸೇರಿದ್ದವು. ಆದರೆ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರ ಯಹೂದಿಗಳ ನಂಬಿಕೆಗೆ ಹೊಂದುತ್ತಿರಲಿಲ್ಲ. ಅಂಥ ಸಾಲುಗಳ ಮೇಲೆ ಕಾಗದ ಅಂಟಿಸಬೇಕಾಗಿತ್ತು. ಬೇಸಿಗೆಯ ದಿನಗಳಲ್ಲಿ ಕೂತು ಹಾಗೆ ಅಂಟಿಸುತ್ತಿದ್ದವರಲ್ಲಿ ರೋಸಾ ಮೊರ್ಡೆಕೈ ಒಬ್ಬರು. ಆ ಕಾಗದದ ಕೆಳಗಿನ ಸಾಲು ಓದಲು ಮಕ್ಕಳು ಪಡುತ್ತಿದ್ದ ಪಾಡನ್ನು ಅವರೇ ಮುಂದೆ ನೆನಪು ಮಾಡಿಕೊಂಡು ಬರೆದಿದ್ದಾರೆ.

ಇದನ್ನು ಓದಿದಾಗ ನನಗೆ ನಮ್ಮ ಕನ್ನಡ ಕೂಟದ ಮೊದಲ ತರಗತಿ ನೆನಪಾಯಿತು. ಊರಿಂದ ಸೂಟ್‌ಕೇಸಿನಲ್ಲಿ ತಂದ ಒಂದೇ ಒಂದು ಪಠ್ಯಪುಸ್ತಕ. ಅದರ ಜೆರಾಕ್ಸ್ ತೆಗೆದು, ಇಲ್ಲಿಯ ಮಕ್ಕಳು ಕಾಣದ ಒರಳು, ಒನಕೆ, ನೇಗಿಲುಗಳ ಪಕ್ಕದಲ್ಲಿ ಫೋಟೋ ಅಂಟಿಸಿ, ರಾತ್ರಿ ಅಡುಗೆಮನೆ ಮೇಜಿನ ಮೇಲೆ ನಾವು ನಾಲ್ಕು ಜನ ಅಮ್ಮಂದಿರು ಪುಸ್ತಕ ಮಾಡುತ್ತಿದ್ದೆವು. ಆ ಅಂಟಿನ ವಾಸನೆ ಇನ್ನೂ ನನ್ನ ಬೆರಳಲ್ಲಿದೆ. ಅದಕ್ಕೇ ಈ ಸಂಚಿಕೆಯಲ್ಲಿ ನಿಮಗೆ ಆ ಶಾಲೆ ಕಟ್ಟಿದವರ ಕಥೆ ಹೇಳಬೇಕೆನಿಸಿತು. ಅವರ ಹೆಸರು ರೆಬೆಕಾ ಗ್ರಾಟ್ಜ್.

ಇಪ್ಪತ್ತರ ಹುಡುಗಿ, ಸಂಘದ ಕಾರ್ಯದರ್ಶಿ

ರೆಬೆಕಾ ಹುಟ್ಟಿದ್ದು 1781ರ ಮಾರ್ಚ್ 4ರಂದು. ತಂದೆ ಮೈಕೆಲ್ ಗ್ರಾಟ್ಜ್ ಯುರೋಪಿನಿಂದ ಅಮೆರಿಕಕ್ಕೆ ಬಂದು ವ್ಯಾಪಾರ ಮಾಡಿ ನೆಲೆ ನಿಂತವರು. ಮನೆ ತುಂಬ ಅಣ್ಣ, ತಮ್ಮ, ಅಕ್ಕ, ತಂಗಿಯರು. ಅವರ ಮನೆಯವರು ಹೋಗುತ್ತಿದ್ದ ಪ್ರಾರ್ಥನಾ ಮಂದಿರ 'ಮಿಕ್ವೆ ಇಸ್ರೇಲ್'. ಇಸ್ರೇಲಿನ ಭರವಸೆ ಎಂದು ಅದರ ಅರ್ಥ. 1740ರಷ್ಟು ಹಿಂದೆ ಶುರುವಾದ ಆ ಸಭೆ ಈಗಲೂ ಫಿಲಡೆಲ್ಫಿಯಾದಲ್ಲಿದೆ. ರೆಬೆಕಾಗೆ ಏಳು ವರ್ಷವಾಗಿದ್ದಾಗ, 1788ರಲ್ಲಿ, ಆ ಮಂದಿರ ಸಾಲದಲ್ಲಿ ಸಿಕ್ಕಿಕೊಂಡಿತು. ಊರಿನವರ ಮುಂದೆ ಕೈಚಾಚಿದಾಗ ಬೇರೆ ಧರ್ಮದವರೂ ಹಣ ಕೊಟ್ಟರು. ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟಿದ್ದು 5 ಪೌಂಡ್. ನೂರು ಡಾಲರ್ ನೋಟಿನ ಮೇಲೆ ಇದ್ದಾರಲ್ಲ, ಅವರೇ.

ನೆರೆಯವರ ಕೈಯಿಂದ ಹೀಗೆ ಪಡೆದುಕೊಂಡ ಮಂದಿರದ ಮಗು ದೊಡ್ಡವಳಾದ ಮೇಲೆ ಏನು ಮಾಡಿದಳು ನೋಡಿ. 1801ರಲ್ಲಿ, ತನ್ನ ಇಪ್ಪತ್ತನೇ ವಯಸ್ಸಿನಲ್ಲಿ, ಅಮ್ಮ ಮತ್ತು ಅಕ್ಕನ ಜೊತೆ ಸೇರಿ ರೆಬೆಕಾ ಒಂದು ಸಂಘ ಕಟ್ಟಿದಳು. ಅದರಲ್ಲಿ ಯಹೂದಿ ಹೆಂಗಸರೂ ಇದ್ದರು, ಕ್ರೈಸ್ತ ಹೆಂಗಸರೂ ಇದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಂತರ ಎಷ್ಟೋ ಸಂಸಾರಗಳು ನೆಲ ಕಚ್ಚಿದ್ದವು. ಚೆನ್ನಾಗಿ ಬಾಳಿ ಬದುಕಿದ ಮನೆಯ ಹೆಣ್ಣುಮಕ್ಕಳು ಬೇರೆಯವರನ್ನು ಕೇಳಲಾರದೆ ಒಳಗೊಳಗೇ ಹಸಿದಿರುತ್ತಿದ್ದರು. ಅಂಥ ಹೆಂಗಸರಿಗೆ, ಅವರ ಮಕ್ಕಳಿಗೆ ನೆರವಾಗುವುದು ಸಂಘದ ಕೆಲಸ. ರೆಬೆಕಾ ಅದರ ಕಾರ್ಯದರ್ಶಿ. ಯಾರು ಬಂದಿದ್ದರು, ಏನು ತೀರ್ಮಾನವಾಯಿತು, ಎಷ್ಟು ಹಣ ಬಂತು, ಯಾರ ಮನೆಗೆ ಏನು ಹೋಯಿತು ಎಂಬುದೆಲ್ಲ ಪುಸ್ತಕದಲ್ಲಿ ಬರೆದಿಡಬೇಕಾದ ಕೆಲಸ ಅದು.

1815ರಲ್ಲಿ ಊರಿನಲ್ಲಿ ಅನಾಥ ಮಕ್ಕಳ ಮನೆಯೊಂದು ಶುರುವಾಯಿತು. ಅದನ್ನು ಕಟ್ಟಿದವರಲ್ಲೂ ರೆಬೆಕಾ ಒಬ್ಬಳು. ಅಲ್ಲಿಯೂ ಕಾರ್ಯದರ್ಶಿಯಾಗಿ ಸುಮಾರು ನಲವತ್ತು ವರ್ಷ ದುಡಿದಳು. ನಲವತ್ತು ವರ್ಷ ಅಂದರೆ ನಿಮ್ಮ ಅಪ್ಪ ಅಮ್ಮನ ವಯಸ್ಸು. ಒಂದು ದಿನ ಉತ್ಸಾಹದಿಂದ ಹೋಗಿ ಬಡಿಸಿ ಬರುವುದು ಸುಲಭ. ಆದರೆ ಮಳೆ ಬಂದ ವಾರ, ಮನೆಯಲ್ಲಿ ನೆಂಟರಿದ್ದ ವಾರ, ತನಗೇ ಮೈ ಸರಿಯಿಲ್ಲದ ವಾರವೂ ಬಿಡದೆ ಲೆಕ್ಕದ ಪುಸ್ತಕ ತೆರೆಯುವುದಕ್ಕೆ ಬೇರೆಯದೇ ಗಟ್ಟಿತನ ಬೇಕು.

ತನ್ನವರಿಗೂ, ಊರಿಗೂ

ಊರಿಗೆ ಆಗ ಬಡ ಯಹೂದಿ ಸಂಸಾರಗಳು ಬಂದು ಸೇರುತ್ತಿದ್ದವು. ಕಷ್ಟದಲ್ಲಿದ್ದವರಿಗೆ ಊಟ, ಬಟ್ಟೆ ಕೊಡುತ್ತಿದ್ದ ಕೆಲವು ಸಂಸ್ಥೆಗಳು ಅದರ ಜೊತೆಗೆ ತಮ್ಮ ಧರ್ಮಕ್ಕೂ ಕರೆಯುತ್ತಿದ್ದವು. ಹಸಿದವರು ಅನ್ನಕ್ಕಾಗಿ ತಮ್ಮ ದೇವರನ್ನು ಬಿಡಬೇಕಾದ ಸ್ಥಿತಿ ಬರಬಾರದು ಎಂದು ರೆಬೆಕಾಗೆ ಅನಿಸಿತು. ಮಿಕ್ವೆ ಇಸ್ರೇಲ್‌ನ ಹೆಂಗಸರೆಲ್ಲ ಸೇರಿದರು. 1819ರಲ್ಲಿ ಯಹೂದಿ ಮಹಿಳೆಯರ ಪರೋಪಕಾರ ಸಂಘ ಹುಟ್ಟಿತು. ಅಮೆರಿಕದಲ್ಲಿ ಯಹೂದಿ ಹೆಂಗಸರು ತಾವೇ ಸ್ವತಂತ್ರವಾಗಿ ನಡೆಸಿದ ಮೊದಲ ಸೇವಾ ಸಂಘ ಅದು. ಊಟ, ಬಟ್ಟೆ, ಚಳಿಗಾಲಕ್ಕೆ ಉರುವಲು, ತಲೆಯ ಮೇಲೊಂದು ಸೂರು ಇವನ್ನು ಕೊಡುವುದು ಅದರ ಕೆಲಸ. ಇನ್ನೂರು ವರ್ಷ ದಾಟಿದರೂ ಆ ಸಂಘ ಬಾಗಿಲು ಹಾಕಿಲ್ಲ.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ತನ್ನವರಿಗಾಗಿ ಸಂಘ ಕಟ್ಟಿದ ಮೇಲೆ ರೆಬೆಕಾ ಊರಿನ ಅನಾಥ ಮಕ್ಕಳ ಮನೆಯನ್ನು ಬಿಟ್ಟು ಬರಲಿಲ್ಲ. ಎರಡು ಕಡೆಯೂ ಒಟ್ಟಿಗೆ ದುಡಿದಳು. ಅವಳಿಗೆ ತನ್ನ ಮಂದಿರ ಎಷ್ಟು ತನ್ನದೋ ಊರೂ ಅಷ್ಟೇ ತನ್ನದು.

ಯಹೂದಿಗಳಲ್ಲಿ ದಾನಕ್ಕೆ 'ತ್ಸೆದಾಕಾ' ಎನ್ನುತ್ತಾರೆ. ನ್ಯಾಯ ಎಂಬ ಅರ್ಥದ ಪದದಿಂದ ಅದು ಬಂದಿದೆ. ಇಲ್ಲದವರಿಗೆ ಕೊಟ್ಟಾಗ ಅವರಿಗೆ ಸಲ್ಲಬೇಕಾದದ್ದು ಸಂದಿತು, ಅಷ್ಟೇ. ಇದನ್ನು ತಿಳಿದಾಗ ನನಗೆ ನಮ್ಮ ಶರಣರ ದಾಸೋಹ ನೆನಪಿಗೆ ಬಂತು. ಕೊಡುವ ಕೈ ಮೇಲಿದೆ ಅನ್ನುವ ಭಾವ ಅಲ್ಲಿಯೂ ಇಲ್ಲ.

ಕಿತ್ತಳೆ ಹಣ್ಣಿನ ಶಾಲೆ

ರೆಬೆಕಾ ಮದುವೆಯಾಗಲಿಲ್ಲ. 1823ರಲ್ಲಿ ತಂಗಿ ರೇಚಲ್ ತೀರಿಕೊಂಡಾಗ ಅವಳ ಮಕ್ಕಳನ್ನೆಲ್ಲ ತನ್ನ ಮನೆಗೆ ಕರೆತಂದು ಸಾಕಿದಳು. ಹೀಗಾಗಿ ನಮ್ಮ ಲೆಕ್ಕದಲ್ಲಿ ರೆಬೆಕಾ ಆ ಮಕ್ಕಳಿಗೆ ದೊಡ್ಡಮ್ಮ. ಆಮೇಲೆ ಅವರು ಇಡೀ ಊರಿನ ಯಹೂದಿ ಮಕ್ಕಳಿಗೇ ದೊಡ್ಡಮ್ಮನಾದರು.

1838ರ ಮಾರ್ಚ್ 4. ಅಂದು ದೊಡ್ಡಮ್ಮನಿಗೆ 57 ವರ್ಷ ತುಂಬಿತು. ಆ ಭಾನುವಾರವೇ ಹೀಬ್ರೂ ಸಂಡೇ ಸ್ಕೂಲ್ ಬಾಗಿಲು ತೆರೆಯಿತು. ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ಬರಬಹುದಿತ್ತು. ಫೀಸು ಇಲ್ಲ. ಪಾಠ ಇಂಗ್ಲಿಷಿನಲ್ಲಿ. ಕಲಿಸುವವರೆಲ್ಲ ಹೆಂಗಸರು, ಯಾರಿಗೂ ಸಂಬಳವಿಲ್ಲ. ಧರ್ಮದ ಪಾಠ ಗಂಡಸರ ಕೆಲಸ ಎಂದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ದೊಡ್ಡಮ್ಮ ಸದಾ ಸಾದಾ ಕಪ್ಪು ಉಡುಪಿನಲ್ಲಿರುತ್ತಿದ್ದರು. ಕತ್ತಿನ ಬಳಿ ಬಿಳಿ ಪಟ್ಟಿ. ವರ್ಷಕ್ಕೊಮ್ಮೆ ಎಲ್ಲರ ಮುಂದೆ ಪರೀಕ್ಷೆ, ಬಹುಮಾನ. ಆ ದಿನ ಮನೆಗೆ ಹೊರಡುವ ಪ್ರತಿ ಮಗುವಿನ ಕೈಗೂ ಒಂದು ಕಿತ್ತಳೆ ಹಣ್ಣು, ಒಂದು ಪ್ರೆಟ್ಜೆಲ್.

ಕಾಗದ ಅಂಟಿಸಿದ ಪುಸ್ತಕಗಳ ಜೊತೆಗೆ ಬರಬರುತ್ತಾ ಅವರದೇ ಪುಸ್ತಕಗಳೂ ಬಂದವು. ಮಿಕ್ವೆ ಇಸ್ರೇಲ್ ಮಂದಿರದ ಐಸಾಕ್ ಲೀಸರ್ 1839ರಲ್ಲಿ ಮಕ್ಕಳಿಗಾಗಿ ಒಂದು ಪ್ರಶ್ನೋತ್ತರ ಪುಸ್ತಕ ಬರೆದು ರೆಬೆಕಾಗೆ ಅರ್ಪಿಸಿದರು. ಶಾಲೆಯ ಟೀಚರ್ ಸಿಂಹಾ ಪೆಯ್ಶೋಟೊ ತಾವೇ ಒಂದು ಪುಸ್ತಕ ಬರೆದರು. ಪಾಠಗಳ ಸುದ್ದಿ ಬೇರೆ ಊರುಗಳಿಗೂ ಹಬ್ಬಿ, ದಕ್ಷಿಣದ ಚಾರ್ಲ್ಸ್‌ಟನ್‌ನಲ್ಲಿ 1838ರಲ್ಲೇ ಸ್ಯಾಲಿ ಲೋಪೆಜ್ ಎಂಬ ಮಹಿಳೆ ಇಂಥದೇ ಶಾಲೆ ತೆರೆದರು. 1855ರಲ್ಲಿ, 74ನೇ ವಯಸ್ಸಿನಲ್ಲಿ, ದೊಡ್ಡಮ್ಮ ದಿಕ್ಕಿಲ್ಲದ ಯಹೂದಿ ಮಕ್ಕಳಿಗಾಗಿ ಒಂದು ಮನೆ ಕಟ್ಟಲು ನೆರವಾದರು. 1864ರವರೆಗೂ ಶಾಲೆ ನಡೆಸಿದರು. 1869ರಲ್ಲಿ ತೀರಿಕೊಂಡರು.

ಫಿಲಡೆಲ್ಫಿಯಾದ ಸ್ಪ್ರೂಸ್ ರಸ್ತೆಯಲ್ಲಿ, ಮನೆಗಳ ನಡುವೆ ಗೋಡೆ ಕಟ್ಟಿದ ಪುಟ್ಟ ಸ್ಮಶಾನವಿದೆ. ಅವರ ಸಮಾಧಿ ಅಲ್ಲಿದೆ. ಕಳೆದ ವರ್ಷ ನಾನು ಆ ಗೇಟಿನ ಸರಳುಗಳ ಹಿಂದೆ ನಿಂತು ನೋಡಿ ಬಂದೆ. ಯಹೂದಿಗಳು ಸಮಾಧಿಗೆ ಹೂವಿನ ಬದಲು ಕಲ್ಲಿನ ಹರಳು ಇಟ್ಟು ಬರುತ್ತಾರೆ. ಹೂವು ಬಾಡುತ್ತದೆ, ಕಲ್ಲು ಉಳಿಯುತ್ತದೆ.

ಅಕ್ಕ-ತಂಗಿಯರ ಕೂಟ

ದೊಡ್ಡಮ್ಮ ಹೋದ ಮೇಲೂ ಕೆಲಸ ನಿಲ್ಲಲಿಲ್ಲ. 1880ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಟೆಂಪಲ್ ಎಮಾನು-ಎಲ್ ಮಂದಿರದ ಹೆಂಗಸರು 'ಸಿಸ್ಟರ್‌ಹುಡ್' ಎಂಬ ಸಂಘ ಮಾಡಿದರು. ಅಕ್ಕ-ತಂಗಿಯರ ಬಳಗ ಎಂದು ಅರ್ಥ. ಚೆಕ್ ಬರೆದು ಸುಮ್ಮನಾಗದೆ ತಾವೇ ಬಡವರ ಮನೆಗೆ ಹೋಗುವುದು ಅವರ ನೇಮ.

1893ರಲ್ಲಿ ಶಿಕಾಗೋದಲ್ಲಿ ಸರ್ವಧರ್ಮ ಸಮ್ಮೇಳನ ನಡೆಯಿತಲ್ಲ, ಸ್ವಾಮಿ ವಿವೇಕಾನಂದರು ಮಾತಾಡಿದ್ದು? ಅದೇ ಸೆಪ್ಟೆಂಬರಿನಲ್ಲಿ ಅಲ್ಲಿ ಯಹೂದಿ ಮಹಿಳೆಯರ ಸಮ್ಮೇಳನವೂ ನಡೆಯಿತು. ಹನ್ನಾ ಸೊಲೊಮನ್ ಅದನ್ನು ನಡೆಸಿದವರು. ಗಂಡಸರ ಸಮಿತಿ ಹೆಂಗಸರಿಗೆ ಭಾಷಣದಲ್ಲಿ ಪಾಲು ಕೊಡದೆ ಅತಿಥಿಗಳ ಉಪಚಾರದ ಕೆಲಸ ಹೇಳಿತು. ಆಗ ಅವರು ತಮ್ಮದೇ ಸಮ್ಮೇಳನ ಕರೆದು, ದೇಶಕ್ಕೆಲ್ಲ ಒಂದು ಮಹಿಳಾ ಸಂಸ್ಥೆಯನ್ನು ಕಟ್ಟಿಯೇ ಎದ್ದರು. ಮುಂದೆ ಆ ಸಂಸ್ಥೆಯವರು ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಒಂಟಿಯಾಗಿ ಇಳಿಯುತ್ತಿದ್ದ ಹುಡುಗಿಯರಿಗೆ ಆಸರೆಯಾದರು.

ಮಿಲ್ವಾಕಿಯಲ್ಲಿ ಲಿಜಿ ಬ್ಲ್ಯಾಕ್ ಕ್ಯಾಂಡರ್ ಎಂಬುವರು ಹೊಸದಾಗಿ ವಲಸೆ ಬಂದ ಹುಡುಗಿಯರಿಗೆ ಅಡುಗೆ ಕಲಿಸುತ್ತಿದ್ದರು. ಬೋರ್ಡಿನಿಂದ ಬರೆದುಕೊಳ್ಳುವುದರಲ್ಲೇ ಹೊತ್ತು ಹೋಗುತ್ತಿತ್ತು. ಪಾಕವಿಧಾನಗಳನ್ನು ಅಚ್ಚು ಹಾಕಿಸಲು 18 ಡಾಲರ್ ಕೇಳಿದರೆ ಆಡಳಿತದ ಗಂಡಸರು ಕೊಡಲಿಲ್ಲ. ಲಿಜಿ ಮತ್ತು ಗೆಳತಿಯರು ಅಂಗಡಿಗಳಿಂದ ಜಾಹೀರಾತು ತಂದು 1901ರಲ್ಲಿ ಪುಸ್ತಕ ಹೊರಡಿಸಿದರು. ಅದು ಮರುಮುದ್ರಣಗೊಳ್ಳುತ್ತಲೇ ಹೋಯಿತು. ಅದರಿಂದ ಬಂದ ಹಣ ಆ ಸೇವಾಕೇಂದ್ರದ ಹೊಸ ಕಟ್ಟಡಕ್ಕೆ ನೆರವಾಯಿತು.

1913ರಲ್ಲಿ ಸಿನ್ಸಿನಾಟಿಯಲ್ಲಿ ಎಮಾನು-ಎಲ್‌ನಂಥ ಮಂದಿರಗಳ ಸಿಸ್ಟರ್‌ಹುಡ್‌ಗಳೆಲ್ಲ ಸೇರಿ ಒಕ್ಕೂಟವಾದವು. ಕ್ಯಾರಿ ಸೈಮನ್ ಮೊದಲ ಅಧ್ಯಕ್ಷೆ. ಕಣ್ಣು ಕಾಣದವರು ಓದಲೆಂದು 1931ರಲ್ಲಿ ಶುರುವಾದ ಯಹೂದಿ ಬ್ರೈಲ್ ಸಂಸ್ಥೆಗೂ ಇವರ ಬೆಂಬಲವಿತ್ತು.

ಇಂದಿಗೂ ಮಂದಿರದ ಅಡುಗೆಮನೆಗೆ ಹೋದರೆ ಇವರನ್ನು ಕಾಣಬಹುದು. ಪ್ರಾರ್ಥನೆ ಮುಗಿದ ಮೇಲೆ ತಿಂಡಿ ಹೊಂದಿಸುತ್ತಾರೆ. ಪೂರಿಮ್ ಹಬ್ಬಕ್ಕೆ ಮನೆಮನೆಗೆ ತಿಂಡಿಯ ಬುಟ್ಟಿ ಕಟ್ಟುತ್ತಾರೆ. ಕಾಯಿಲೆ ಬಿದ್ದವರನ್ನು ನೋಡಿ ಬರುತ್ತಾರೆ. ಸಾವಾದ ಮನೆಗೆ ಊಟ ಒಯ್ಯುತ್ತಾರೆ. ನಮ್ಮೂರಿನಲ್ಲೂ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅನ್ನ ಸಾರು ತಂದು ಎರಡು ತುತ್ತು ತಿನ್ನಿ ಎಂದು ಕೂರಿಸುತ್ತಾರೆ.

ಶಿವಮೊಗ್ಗದಲ್ಲಿ ಹುಟ್ಟಿದ ಡಾಕ್ಟರು

ಯಹೂದಿಗಳು ನಮ್ಮ ಭಾರತದಲ್ಲೂ ಬಹಳ ಹಿಂದಿನಿಂದ ಇದ್ದಾರೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಜನ ಮನೆಯಲ್ಲಿ ಮರಾಠಿ ಆಡುತ್ತಿದ್ದರು. ಮುಂಬಯಿಯಲ್ಲಿ ಅವರ ಹೆಂಗಸರು ಸ್ತ್ರೀ ಮಂಡಲ ಕಟ್ಟಿಕೊಂಡರು. ಈ ಸಮುದಾಯದ ಜೆರೂಶಾ ಝಿರಾಡ್ ಹುಟ್ಟಿದ್ದು 1890ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಮುಂಬಯಿಯಲ್ಲಿ ವೈದ್ಯೆಯಾಗಿ, ಲಂಡನ್ನಿಗೆ ಹೋಗಿ 1919ರಲ್ಲಿ ಎಂ.ಡಿ. ಪದವಿ ಪಡೆದರು. ಬೆಂಗಳೂರಿನಲ್ಲೂ ಕೆಲವು ಕಾಲ ಕೆಲಸ ಮಾಡಿದರು. ಆಮೇಲೆ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಅಲ್ಲಿ ಜಾತಿ ಧರ್ಮ ಕೇಳದೆ ಎಲ್ಲ ತಾಯಂದಿರಿಗೂ ಹೆರಿಗೆ ಆಗುತ್ತಿತ್ತು. ವೈದ್ಯೆಯ ದುಡಿಮೆಯ ನಡುವೆಯೇ 1925ರಲ್ಲಿ ತಮ್ಮ ಸಮುದಾಯಕ್ಕಾಗಿ ಯಹೂದಿ ಧಾರ್ಮಿಕ ಒಕ್ಕೂಟ ಸ್ಥಾಪಿಸಿದರು. 1966ರಲ್ಲಿ ಅವರಿಗೆ ಪದ್ಮಶ್ರೀ ಬಂತು. ರೆಬೆಕಾ ದೊಡ್ಡಮ್ಮನ ಹಾಗೆ ಇವರೂ ತನ್ನವರಿಗೂ ಊರಿಗೂ ಒಟ್ಟಿಗೆ ದುಡಿದವರು.

ನಿಮಗೊಂದು ಕೆಲಸ

ಮಕ್ಕಳೇ, ಈ ಕಥೆ ನಮಗೆ ಹೇಗೆ ಸಿಕ್ಕಿತು? ಕಾರ್ಯದರ್ಶಿ ರೆಬೆಕಾ ಬರೆದಿಟ್ಟರು. ಕಾಗದ ಅಂಟಿಸಿದ ಹುಡುಗಿ ರೋಸಾ ಬರೆದಿಟ್ಟರು. ಬರೆಯದೇ ಹೋಗಿದ್ದರೆ ಆ ಕಿತ್ತಳೆ ಹಣ್ಣಿನ ವಿಷಯ ನಿಮಗೂ ನನಗೂ ತಿಳಿಯುತ್ತಲೇ ಇರಲಿಲ್ಲ.

ನಮ್ಮ ಕೂಟದಲ್ಲೂ ಯುಗಾದಿಯ ಹಿಂದಿನ ರಾತ್ರಿ ಮುನ್ನೂರು ಹೋಳಿಗೆ ತಟ್ಟಿದವರಿದ್ದಾರೆ. ಹೊಸದಾಗಿ ಬಂದ ಬಸುರಿ ಹುಡುಗಿಗೆ ತಾಯಿಯಾಗಿ ಬಾಣಂತನ ಮಾಡಿದವರಿದ್ದಾರೆ. ಪಕ್ಕದ ಊರಿನ ನಿರಾಶ್ರಿತರ ಮನೆಗೆ ತಿಂಗಳಿಗೊಮ್ಮೆ ಚಿತ್ರಾನ್ನ ಒಯ್ಯುವವರಿದ್ದಾರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈ ವಾರ ಅಂಥ ಒಬ್ಬ ಅಜ್ಜಿ ಅಥವಾ ಆಂಟಿಯ ಪಕ್ಕ ಕುಳಿತು ಮೂರು ಪ್ರಶ್ನೆ ಕೇಳಿ: ಇದನ್ನು ಯಾವಾಗ ಶುರು ಮಾಡಿದಿರಿ? ನಿಮ್ಮ ಜೊತೆ ಯಾರಿದ್ದರು? ಬಿಟ್ಟುಬಿಡೋಣ ಅನ್ನಿಸಿದ ದಿನ ಏನು ಮಾಡಿದಿರಿ? ಉತ್ತರವನ್ನು ಕನ್ನಡದಲ್ಲೇ ಒಂದು ಪುಟ ಬರೆಯಿರಿ. ಒತ್ತು, ದೀರ್ಘ ತಪ್ಪಿದರೂ ಪರವಾಗಿಲ್ಲ, ಕೂತು ತಿದ್ದೋಣ.

ಎಲ್ಲ ಪುಟಗಳನ್ನೂ ಸೇರಿಸಿ ಹೊಲಿದು ನಮ್ಮದೇ ಒಂದು ಪುಸ್ತಕ ಮಾಡೋಣ. ಮುಂದಿನ ಭಾನುವಾರ ತರಗತಿಗೆ ಬರುವಾಗ ನಿಮ್ಮ ಪುಟ ತನ್ನಿ. ಕಿತ್ತಳೆ ಹಣ್ಣು ನಾನು ತರುತ್ತೇನೆ.