ಓದು ಬಾರದ ತಂದೆ: ನವಾಬ್ ಹೈದರಲಿ

ಗಂಜಾಂನ ಗುಂಬಜ್ ನೋಡದವರು ನಮ್ಮ ಸೀಮೆಯಲ್ಲಿ ಕಡಿಮೆ. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ, ಮಕ್ಕಳು ಸಾಲಾಗಿ ಇಳಿಯುತ್ತಾರೆ, ಕಪ್ಪು ಕಲ್ಲಿನ ಕಂಬಗಳನ್ನು ಮುಟ್ಟಿ ನೋಡುತ್ತಾರೆ, ಒಳಗೆ ಹೋಗಿ ಮೂರು ಸಮಾಧಿಗಳನ್ನು ಕಂಡು ಹೊರಗೆ ಬರುತ್ತಾರೆ. ನಡುವೆ ಮಲಗಿರುವವರು ಹೈದರಲಿ. ಅಕ್ಕಪಕ್ಕದಲ್ಲಿ ಅವರ ಪತ್ನಿ ಫಾತಿಮಾ ಫಖ್ರುನ್ನಿಸಾ ಮತ್ತು ಮಗ ಟಿಪ್ಪು ಸುಲ್ತಾನ್. ಗೈಡುಗಳು ಯುದ್ಧಗಳ ಕಥೆ ಹೇಳುತ್ತಾರೆ. ಅದನ್ನು ಹೇಳಲು ಬೇಕಾದಷ್ಟು ಪುಸ್ತಕಗಳಿವೆ. ಆದರೆ ಈ ಮೂವರೂ ಒಂದು ಮನೆಯವರು, ತಂದೆ, ತಾಯಿ ಮತ್ತು ಮಗ ಎಂಬುದು ಮಾತಿನ ನಡುವೆ ಮರೆತುಹೋಗುತ್ತದೆ. ಆ ತಂದೆಗೆ ಓದು ಬರಹ ಬರುತ್ತಿರಲಿಲ್ಲ. ಮಗ ಸತ್ತಾಗ ಅರಮನೆಯಲ್ಲಿ ಸುಮಾರು 2000 ಗ್ರಂಥಗಳ ಭಂಡಾರವಿತ್ತು. ಒಂದೇ ತಲೆಮಾರಿನಲ್ಲಿ ಇದು ಹೇಗಾಯಿತು ಎಂಬುದನ್ನು ಮಕ್ಕಳ ಓದಿನ ಬಗ್ಗೆ ಚಿಂತಿಸುವ ನಾವು ಸ್ವಲ್ಪ ನಿಂತು ನೋಡಬೇಕಾಗಿದೆ.

ಹೈದರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ತಂದೆ ಫತೇ ಮುಹಮ್ಮದ್ ಶಿರಾ ಸುಬೇದಾರರ ಸೇವೆಯಲ್ಲಿದ್ದ ಸೈನಿಕ ಅಧಿಕಾರಿ. ಹುಡುಗನಿಗೆ ಇನ್ನೂ ಅಕ್ಷರ ಕಲಿಯುವ ವಯಸ್ಸು ಆಗುತ್ತಿದ್ದಂತೆಯೇ ತಂದೆ ಯುದ್ಧದಲ್ಲಿ ಮಡಿದರು. ಅಲ್ಲಿಗೆ ಆ ಮನೆಯ ನೆಮ್ಮದಿ ಮುಗಿಯಿತು. ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್, ಸತ್ತವನ ಲೆಕ್ಕದಲ್ಲಿ ಬಾಕಿ ಇದೆ ಎಂಬ ನೆಪ ಹೇಳಿ ವಿಧವೆಯ ಮನೆಯನ್ನು ಲೂಟಿ ಮಾಡಿಸಿದ. ಅಷ್ಟಕ್ಕೇ ಬಿಡಲಿಲ್ಲ. ಎಳೆಯ ಹುಡುಗರಾದ ಶಹಬಾಜ್ ಮತ್ತು ಹೈದರ್ ಇಬ್ಬರನ್ನೂ ಹಿಂಸಿಸಿ ಹಣ ವಸೂಲು ಮಾಡಲು ನೋಡಿದ. ಅಣ್ಣತಮ್ಮಂದಿರನ್ನು ನಗಾರಿಯೊಳಗೆ ಕೂರಿಸಿ ಮೇಲೆ ಚರ್ಮ ಬಿಗಿದು ಬಾರಿಸಿದರೆಂಬ ಕಥೆಯನ್ನು ಅಂದಿನ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಈಗಿನ ಲೆಕ್ಕದಲ್ಲಿ ಅಂಗನವಾಡಿ ಬಿಟ್ಟು ಒಂದನೇ, ಎರಡನೇ ತರಗತಿಗೆ ಹೋಗುವ ಮಗುವಿನ ವಯಸ್ಸು ಅದು.

ಕೊನೆಗೆ ಅವರನ್ನು ಬಿಡಿಸಿದ್ದು ಸಂಬಂಧಿಕರೇ. ತಂದೆಯ ಕಡೆಯಿಂದ ಅಣ್ಣನಾಗಬೇಕಾದ ಇನ್ನೊಬ್ಬ ಹೈದರ್ ಸಾಹೇಬ್ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದರು. ಅವರು ದಳವಾಯಿಗಳ ಕಡೆಯಿಂದ ಹೇಳಿಸಿ ತಾಯಿ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡರು. ಅನಾಥ ಮಕ್ಕಳು ಹೀಗೆ ಕಾವೇರಿಯ ನಡುಗಡ್ಡೆಗೆ ಬಂದು ಸೇರಿದರು. ಕುದುರೆ ಸವಾರಿ, ಕತ್ತಿವರಸೆ ಕಲಿತರು. ಅಕ್ಷರ ಮಾತ್ರ ಹೈದರನ ಪಾಲಿಗೆ ಬರಲಿಲ್ಲ. ಹೆದರಿದ ಮಗು ಕಲಿಯಲಾರದು ಎಂದು ಇಂದಿನ ಮಕ್ಕಳ ತಜ್ಞರು ಹೇಳುತ್ತಾರೆ. ಹೈದರನ ಮಟ್ಟಿಗೆ ಭಯವೂ ಇತ್ತು, ಬಡತನವೂ ಇತ್ತು, ಕೂರಿಸಿ ಕಲಿಸುವವರೂ ಇರಲಿಲ್ಲ. ಓದಿಗೆ ಮೀಸಲಾದ ಆ ನಾಲ್ಕಾರು ವರ್ಷಗಳು ಒಮ್ಮೆ ಕೈತಪ್ಪಿದ ಮೇಲೆ ಮತ್ತೆ ಸಿಗಲಿಲ್ಲ.

ಆದರೆ ಕಿವಿ ಚೆನ್ನಾಗಿತ್ತು. ಮನೆಯಲ್ಲಿ ದಖನಿ ಹಿಂದೂಸ್ತಾನಿ, ಊರಿನಲ್ಲಿ ಕನ್ನಡ, ದಂಡಿನ ಬಿಡಾರಗಳಲ್ಲಿ ಮರಾಠಿ, ತೆಲುಗು, ತಮಿಳು. ಈ ಐದು ಭಾಷೆಗಳನ್ನೂ ಹೈದರಲಿಯವರು ಸರಾಗವಾಗಿ ಮಾತನಾಡುತ್ತಿದ್ದರೆಂದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾರೆ. ವಿಲ್ಕ್ಸ್ ಈ ಮನೆತನವನ್ನು ಹೊಗಳಬೇಕೆಂದು ಬರೆಯಲು ಕುಳಿತವರಲ್ಲ. ಹಾಗಾಗಿ ಆ ಮಾತಿಗೆ ಬೆಲೆ ಇದೆ. ಮನಸ್ಸಿನಲ್ಲೇ ಲೆಕ್ಕ ಹಾಕುವುದರಲ್ಲಿ ಹೈದರಲಿ ಗಟ್ಟಿಗರು. ಬೆಳಗ್ಗೆ ಎದ್ದು ಸಿದ್ಧರಾಗುತ್ತಿರುವಾಗಲೇ ವರದಿಗಳನ್ನು ಕೇಳಿಸಿಕೊಳ್ಳುತ್ತಿದ್ದರು, ಪತ್ರಗಳನ್ನು ಓದಿಸಿ ಕೇಳಿ ಅಲ್ಲೇ ಉತ್ತರ ಹೇಳಿ ಬರೆಸುತ್ತಿದ್ದರು. ಒಮ್ಮೆ ಕೇಳಿದ್ದು, ಒಮ್ಮೆ ಕಂಡ ಮುಖ ಮರೆಯುತ್ತಿರಲಿಲ್ಲವಂತೆ. ಸಹಿ ಹಾಕಬೇಕಾದಾಗ ಮಾತ್ರ ತಮ್ಮ ಹೆಸರಿನ ಮೊದಲ ಅಕ್ಷರವಾದ 'ಹೇ' ಒಂದನ್ನು ಗೀಚುತ್ತಿದ್ದರು. ಅದೂ ತಿರುವುಮುರುವಾಗಿ ಬರುತ್ತಿತ್ತು. ಒಂದು ರಾಜ್ಯದ ದೊರೆ, ಒಂದೇ ಅಕ್ಷರ, ಅದೂ ತಲೆಕೆಳಗು!

ಇಲ್ಲಿ ಒಂದು ಮಾತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಇದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ನಮ್ಮಲ್ಲಿ ಹಲವರು ಆತಂಕಪಡುತ್ತಾರೆ. ಗಂಜಾಂನ ಗಲ್ಲಿಗಳಲ್ಲಿ ಆಡುವ ಮಕ್ಕಳನ್ನು ನೋಡಿದರೆ ಆ ಆತಂಕಕ್ಕೆ ಆಧಾರವಿಲ್ಲವೆಂದು ಗೊತ್ತಾಗುತ್ತದೆ. ಅಮ್ಮಿಯ ಜೊತೆ ಉರ್ದು ಮಾತನಾಡಿ, ತಿರುಗಿ ಪಕ್ಕದ ಮನೆಯ ಅಜ್ಜಿಗೆ ಕನ್ನಡದಲ್ಲಿ ಉತ್ತರ ಕೊಡುತ್ತವೆ. ಮಗು ಮೊದಲು ಕೇಳಬೇಕು, ಮಾತನಾಡಬೇಕು, ಕಥೆ ಹೇಳಬೇಕು, ಓದು ಅದರ ಮೇಲೆ ನಿಲ್ಲುತ್ತದೆ ಎಂಬುದನ್ನು ಈಗ ಶಾಲೆಗಳೂ ಒಪ್ಪಿವೆ. 1995ರಲ್ಲಿ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗಳಿಗೆ ಹಬ್ಬಿದ ನಲಿ-ಕಲಿಯಲ್ಲಿ ಹಾಡು, ಕಥೆ, ಮಾತು, ಆಟಗಳಿಗೆ ಜಾಗ ಸಿಕ್ಕಿದ್ದು ಇದೇ ಕಾರಣಕ್ಕೆ. ಹೈದರಲಿಯವರಿಗೆ ಬುನಾದಿ ಗಟ್ಟಿಯಾಗಿಯೇ ಬಿದ್ದಿತ್ತು. ಅದರ ಮೇಲೆ ಗೋಡೆ ಎಬ್ಬಿಸುವವರು ಸಿಗಲಿಲ್ಲ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅಣ್ಣನ ತುಕಡಿಯೊಂದಿಗೆ ಹೋರಾಡಿದ ಹೈದರಲಿ ದಳವಾಯಿ ನಂಜರಾಜಯ್ಯನವರ ಕಣ್ಣಿಗೆ ಬಿದ್ದರು. ಅಲ್ಲಿಂದ ಅವರ ಏಳಿಗೆ ಶುರು. 1755ರ ಹೊತ್ತಿಗೆ ದಿಂಡಿಗಲ್‌ನ ಫೌಜುದಾರರಾದರು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರಿಂದ ಮಾಡಿಸಬೇಕೆಂಬುದು ಅವರ ರೀತಿ. ಫಿರಂಗಿ ಕೆಲಸಕ್ಕೆ ಫ್ರೆಂಚರನ್ನು ಕರೆಸಿದರು. ಲೆಕ್ಕಪತ್ರಕ್ಕೆ ಖಂಡೇರಾವ್ ಎಂಬ ಚತುರ ಕರಣಿಕರನ್ನು ಇಟ್ಟುಕೊಂಡರು.

ಈ ನಡುವೆ, 1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ ಗಂಡುಮಗು ಹುಟ್ಟಿತ್ತು. ತಾಯಿ ಫಖ್ರುನ್ನಿಸಾ ಕಡಪದ ಕೋಟೆಯ ಅಧಿಕಾರಿಯಾಗಿದ್ದ ಮೀರ್ ಮುಯಿನುದ್ದೀನರ ಮಗಳು. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರನ್ನು ಮಗುವಿಗೆ ಇಟ್ಟರು. ಯುದ್ಧದಲ್ಲಿ ಸತ್ತ ಅಜ್ಜನ ನೆನಪಿಗೆ ಫತೇ ಅಲಿ ಎಂಬ ಹೆಸರೂ ಇತ್ತು.

ಮಗ ಓದುವ ವಯಸ್ಸಿಗೆ ಬರುತ್ತಲೇ ಹೈದರಲಿ ಉಸ್ತಾದರನ್ನು ನೇಮಿಸಿದರು. ಕುರ್‌ಆನ್ ಪಾರಾಯಣ, ಅರಬ್ಬಿ, ಪಾರ್ಸಿ, ಉರ್ದು, ಇಸ್ಲಾಮೀ ಧರ್ಮಶಾಸ್ತ್ರ, ಅದರೊಂದಿಗೆ ಕನ್ನಡ. ಕುದುರೆ ಸವಾರಿ, ಗುರಿ ಹೊಡೆಯುವುದು, ಕತ್ತಿವರಸೆ ಬೇರೆ. ಸೈನ್ಯದ ವಿದ್ಯೆಯನ್ನು ಗಾಜಿ ಖಾನ್ ಎಂಬ ಅನುಭವಿ ಸರದಾರರು ಕಲಿಸಿದರು. ಆಗ ಹೈದರಲಿ ದೊರೆಯಲ್ಲ. ಇನ್ನೂ ಒಬ್ಬ ಸೇನಾಧಿಕಾರಿ, ವರ್ಷದ ಬಹುಪಾಲು ದಂಡಿನಲ್ಲೇ ಕಳೆಯುವವರು. ನಾನು ಓದದೆ ಮೇಲೆ ಬಂದಿಲ್ಲವೇ, ಮಗನೂ ಕತ್ತಿ ಹಿಡಿದು ಬದುಕಿಕೊಳ್ಳಲಿ ಎಂದು ಅವರು ಯೋಚಿಸಬಹುದಿತ್ತು. ಹಾಗೆ ಯೋಚಿಸುವ ತಂದೆಯರು ಇಂದೂ ಇದ್ದಾರೆ. ಅಂಗಡಿ ನಡೆಸಲು, ಲಾರಿ ಓಡಿಸಲು ಶಾಲೆ ಏಕೆ ಎಂದು ಕೇಳುವವರನ್ನು ನಾವೆಲ್ಲ ಕಂಡಿದ್ದೇವೆ. ಹೈದರಲಿ ಆ ದಾರಿ ಹಿಡಿಯಲಿಲ್ಲ.

ಓದು ಬಾರದಿರುವುದರ ಬೆಲೆ ಎಷ್ಟೆಂಬುದನ್ನು ಅವರು ಬಹಳ ಕಹಿಯಾಗಿ ತೆರಬೇಕಾದ ದಿನವೂ ಬಂತು. 1760ರ ಆಗಸ್ಟ್‌ನಲ್ಲಿ ಅದೇ ಖಂಡೇರಾವ್, ಅರಮನೆಯ ಕಡೆ ಸೇರಿ, ತಮ್ಮ ಯಜಮಾನನ ವಿರುದ್ಧವೇ ತಿರುಗಿಬಿದ್ದರು. ಲೆಕ್ಕವೆಲ್ಲ, ಪತ್ರವ್ಯವಹಾರವೆಲ್ಲ ಯಾರ ಕೈಯಲ್ಲಿತ್ತೋ ಅವರೇ ಎದುರಾಳಿ. ಖಂಡೇರಾವ್ ಮಾಡಿದ್ದು ದ್ರೋಹವೋ, ತಮ್ಮ ಅರಸರಿಗೆ ತೋರಿದ ನಿಷ್ಠೆಯೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅದು ಇರಲಿ. ಹೈದರಲಿ ರಾತ್ರೋರಾತ್ರಿ ಕಾವೇರಿ ದಾಟಿ ಬೆಂಗಳೂರಿನ ಕಡೆಗೆ ಓಡಬೇಕಾಯಿತು. ಹೆಂಡತಿ ಮಕ್ಕಳು ಶ್ರೀರಂಗಪಟ್ಟಣದಲ್ಲೇ ಸೆರೆಯಾಗಿ ಉಳಿದರು. ಟಿಪ್ಪುವಿಗೆ ಆಗ ಒಂಬತ್ತು ವರ್ಷ. ತಂದೆ ಎಳೆತನದಲ್ಲಿ ಕಂಡ ಸೆರೆ, ಮಗನ ಎಳೆತನಕ್ಕೂ ಬಂತು. ಒಂದು ವ್ಯತ್ಯಾಸವಿತ್ತು. ತಂದೆ ಬದುಕಿದ್ದರು, ಮರುವರ್ಷ ಬಂದು ಬಿಡಿಸಿದರು.

ಬಿಡಿಸಿದ ಬಗೆಯಂತೂ ಸ್ವಾರಸ್ಯವಾಗಿದೆ. ಕಟ್ಟೆಮಳಲವಾಡಿಯ ಬಳಿ ಶತ್ರುಸೈನ್ಯ ಎದುರಾದಾಗ ಹೈದರಲಿಯವರ ಬಲ ಕಡಿಮೆಯಿತ್ತು. ಆಗ ಅವರು ಖಂಡೇರಾಯರ ಸೇನಾನಾಯಕರ ಹೆಸರಿಗೆ, ನಂಜರಾಜಯ್ಯನವರ ಮೊಹರಿನೊಂದಿಗೆ ಪತ್ರಗಳನ್ನು ಬರೆಸಿದರು. ತಮ್ಮ ಯಜಮಾನನನ್ನು ಹಿಡಿದುಕೊಡಲು ಆ ನಾಯಕರು ಈಗಾಗಲೇ ಒಪ್ಪಿದ್ದಾರೆಂದು ತೋರುವಂತೆ ಬರೆಸಿ, ಅವು ಖಂಡೇರಾಯರ ಕೈಗೇ ಸಿಗುವ ಹಾಗೆ ಮಾಡಿದರು. ಖಂಡೇರಾವ್ ಓದಿದರು, ಹೆದರಿದರು, ಕುದುರೆ ಏರಿ ಪಟ್ಟಣಕ್ಕೆ ಓಡಿದರು. ನಾಯಕನಿಲ್ಲದ ಸೈನ್ಯ ಚದುರಿತು. ಓದು ಬಾರದವರು ಬರೆಸಿದ ಪತ್ರ, ಓದು ಬಲ್ಲವರನ್ನು ಸೋಲಿಸಿತು. 1761ರಲ್ಲಿ ಹೈದರಲಿ ಮೈಸೂರಿನ ನಿಜವಾದ ಅಧಿಕಾರಿಯಾದರು. ಖಂಡೇರಾವ್ ಉಳಿದ ಆಯುಸ್ಸನ್ನು ಬೆಂಗಳೂರಿನಲ್ಲಿ ಕಬ್ಬಿಣದ ಪಂಜರದಲ್ಲಿ ಕಳೆದರು. ಕ್ರೂರ ಶಿಕ್ಷೆ, ಅದನ್ನು ಬೇರೆ ರೀತಿ ಹೇಳಲಾಗದು.

ಮುಂದಿನ ಇಪ್ಪತ್ತು ವರ್ಷಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 1763ರಲ್ಲಿ ಬಿದನೂರು, ಆಮೇಲೆ ಮಲಬಾರು, 1769ರಲ್ಲಿ ಮದ್ರಾಸಿನ ಬಾಗಿಲಲ್ಲೇ ಇಂಗ್ಲಿಷರೊಂದಿಗೆ ಒಪ್ಪಂದ, 1780ರಲ್ಲಿ ಪೊಳ್ಳಿಲೂರಿನ ಗೆಲುವು. ಹದಿನಾರು ಹದಿನೇಳರ ಟಿಪ್ಪು 1767ರಲ್ಲೇ ಗಾಜಿ ಖಾನರ ಜೊತೆ ಕುದುರೆದಂಡು ತೆಗೆದುಕೊಂಡು ಮದ್ರಾಸಿನ ಹೊರವಲಯದವರೆಗೆ ಹೋಗಿಬಂದಿದ್ದ. ತರಗತಿಯ ಪಾಠ ಮುಗಿಯಿತು, ಈಗ ಕೆಲಸದಲ್ಲಿ ಕಲಿ ಎಂಬಂತೆ ತಂದೆ ಮಗನನ್ನು ಜೊತೆಗಿಟ್ಟುಕೊಂಡೇ ನಡೆದರು.

ಹೈದರಲಿಯವರ ಬಾಲ್ಯದ ನೋವನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳದೆ ಬಿಡುವುದು ಸರಿಯಲ್ಲ. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಅಲ್ಲಿಯ ಬೇಡರ ಸಾವಿರಾರು ಜನರನ್ನು ಅವರು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರಲ್ಲಿದ್ದ ಹುಡುಗರನ್ನು ಪ್ರತ್ಯೇಕಿಸಿ, ಮತಾಂತರಿಸಿ, ಚೇಲಾ ಎಂಬ ಪಡೆಗಳಾಗಿ ಕಟ್ಟಿ ಕವಾಯತು ಕಲಿಸಿದರು. ನಗಾರಿಯೊಳಗೆ ಕುಳಿತ ಹುಡುಗ ತಾನು ದೊಡ್ಡವನಾದಾಗ ಬೇರೆ ತಾಯಂದಿರ ಹುಡುಗರನ್ನು ಅವರ ಮನೆಯಿಂದ ಕಿತ್ತು ತಂದ. ಅದು ಆ ಕಾಲದ ಪದ್ಧತಿ ಎಂದು ಸಮರ್ಥಿಸುವವರಿದ್ದಾರೆ. ಪದ್ಧತಿಯಾಗಿದ್ದರೂ ಆ ಮಕ್ಕಳ ಅಳು ಅಳುವೇ ತಾನೆ. ಕಲಿಸುವುದಕ್ಕೂ ಪಳಗಿಸುವುದಕ್ಕೂ ಇರುವ ಅಂತರವನ್ನು ನೋಡಬೇಕಾದರೆ ಟಿಪ್ಪುವಿನ ಉಸ್ತಾದರನ್ನೂ ಚೇಲಾ ಪಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಅನಕ್ಷರಸ್ಥ ತಂದೆ ರಾಜ್ಯ ಕಟ್ಟಿದರು, ಓದಿದ ಮಗ ಕಳೆದರು, ಹಾಗಾದರೆ ಓದಿನಿಂದ ಏನು ಪ್ರಯೋಜನ ಎಂದು ಬ್ರಿಟಿಷ್ ಬರಹಗಾರರ ಕಾಲದಿಂದಲೂ ಕೇಳುವವರಿದ್ದಾರೆ. ಊರಿನ ಜಗಲಿಗಳಲ್ಲೂ ಈ ವಾದ ಕೇಳಿಬರುತ್ತದೆ. ತಂದೆಯ ಎದುರಿಗಿದ್ದ ಇಂಗ್ಲಿಷರ ಬಲಕ್ಕೂ, 1799ರಲ್ಲಿ ನಿಜಾಮರನ್ನು ಕೂಡಿಕೊಂಡು ಬಂದ ಅವರ ಬಲಕ್ಕೂ ಹೋಲಿಕೆ ಇಲ್ಲವೆಂಬುದನ್ನು ಈ ವಾದ ಮರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೈದರಲಿಯವರೇ ಈ ವಾದವನ್ನು ಒಪ್ಪಿರಲಿಲ್ಲ. ತಮ್ಮ ನೆನಪಿನ ಶಕ್ತಿ ಮಗನಿಗೂ ಬಂದೀತು ಎಂದು ನಂಬಿ ಕೂರದೆ ಅವರು ಉಸ್ತಾದರನ್ನು ಹುಡುಕಿದರು. ಓದು ಬಾರದ ತಂದೆ ಮಗುವಿಗೆ ಪಾಠ ಹೇಳಿಕೊಡಲಾರ, ನಿಜ. ಆದರೆ ಪಾಠಕ್ಕೆ ಹೊತ್ತು ಗೊತ್ತು ಮಾಡಬಲ್ಲ, ಗುರುಗಳನ್ನು ಮಾತನಾಡಿಸಬಲ್ಲ, ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವತ್ತು ಏನು ಕಲಿತೆ, ನನಗೊಂದಿಷ್ಟು ಹೇಳು ಎಂದು ಕೇಳಬಲ್ಲ. ಒಂದನೇ ತರಗತಿಯ ಮಗುವಿಗೆ ಓದಿ ಹೇಳಲು ಕಿವಿಗೊಡುವ ಅಬ್ಬಾ ಒಬ್ಬರಿದ್ದರೆ ಅದೇ ದೊಡ್ಡ ಟ್ಯೂಷನ್.

1782ರ ಡಿಸೆಂಬರ್ 7ರಂದು, ಇಂಗ್ಲಿಷರೊಂದಿಗೆ ಯುದ್ಧ ನಡೆಯುತ್ತಿರುವಾಗಲೇ, ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಹೈದರಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡರು. ಟಿಪ್ಪು ದೂರದ ಮಲಬಾರಿನ ಪೊನ್ನಾನಿಯ ಕಡೆಯಿದ್ದರು. ಸಾವಿನ ಸುದ್ದಿ ಹರಡಿದರೆ ಸೈನ್ಯ ಒಡೆದೀತೆಂದು ಪೂರ್ಣಯ್ಯ ಮತ್ತು ಕೃಷ್ಣರಾವ್ ಅದನ್ನು ಗುಟ್ಟಾಗಿಟ್ಟರು. ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆ ಸಾಗಿಸುವವರಂತೆ ಕೋಲಾರಕ್ಕೆ ಕಳಿಸಿದರು. ಮಗನಿಗೆ ಓಲೆಕಾರರ ಕೈಯಲ್ಲಿ ಗುಟ್ಟಿನ ಪತ್ರ ಹೋಯಿತು. ಅದನ್ನು ಓದಿ ಹೇಳಲು ಟಿಪ್ಪುವಿಗೆ ಇನ್ನೊಬ್ಬರು ಬೇಕಾಗಿರಲಿಲ್ಲ.

ಕೋಲಾರದಿಂದ ದೇಹವನ್ನು ತರಿಸಿ ಲಾಲ್‌ಬಾಗಿನ ತೋಟದ ನಡುವೆ ಮಣ್ಣು ಮಾಡಿ, 1784ರ ಹೊತ್ತಿಗೆ ಟಿಪ್ಪು ಗುಂಬಜನ್ನು ಕಟ್ಟಿಸಿ ಮುಗಿಸಿದರು. ಪಕ್ಕದ ಗಂಜಾಂ ಪೇಟೆಗೆ ಶಿರಾದಿಂದ ಕಸುಬುದಾರರ ಕುಟುಂಬಗಳನ್ನು ತಂದು ನೆಲೆಗೊಳಿಸಿದವರೂ ಅವರೇ. 1799ರ ಮೇ 4ರಂದು ಕೋಟೆ ಬಿದ್ದು, ಮರುದಿನ ಅವರನ್ನೂ ಇಲ್ಲಿಯೇ ತಂದು ಮಲಗಿಸಿದರು. ಅರಮನೆಯ ಗ್ರಂಥಗಳು ಇಂಗ್ಲಿಷರ ಪಾಲಾದವು. ಚಾರ್ಲ್ಸ್ ಸ್ಟೂವರ್ಟ್ ಅವುಗಳ ವಿವರವಾದ ಪಟ್ಟಿಯನ್ನು 1809ರಲ್ಲಿ ಅಚ್ಚು ಹಾಕಿಸಿದರು. ಅವು ಕಲ್ಕತ್ತ, ಲಂಡನ್, ಕೇಂಬ್ರಿಜ್ ಎಂದು ಹಂಚಿಹೋದವು. ಟಿಪ್ಪು ತಮ್ಮ ಕನಸುಗಳನ್ನು ಪಾರ್ಸಿಯಲ್ಲಿ ಬರೆದಿಟ್ಟುಕೊಂಡಿದ್ದ ಒಂದು ಚಿಕ್ಕ ಪುಸ್ತಕವೂ ಮಲಗುವ ಕೋಣೆಯಲ್ಲಿ ಸಿಕ್ಕಿತು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬರಹ ಅವರ ಸ್ವಂತ ಕೈಯದು.