ಅಡ್ಡಹೆಸರು ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ

ಎತ್ತರವು ಮನುಷ್ಯನು ದುಡಿದು ಪಡೆದ ಸಂಪಾದನೆಯಲ್ಲ. ಗಿಡ್ಡನಾಗಿರುವುದು ಅವನ ಅಪರಾಧವೂ ಅಲ್ಲ. ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಆಗಂತುಕ ಗುಣ, ವ್ಯಕ್ತಿಯ ಸಾರವಲ್ಲ. ಹೀಗಿದ್ದೂ ನಮ್ಮ ನ್ಯಾಮತಿ, ಹೊನ್ನಾಳಿ ಸೀಮೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ಎತ್ತರ ಕಡಿಮೆ ಇರುವ ಗಂಡಸನ್ನು ಅಡ್ಡಹೆಸರಿನಿಂದ ಗುರುತಿಸುವುದೇ ರೂಢಿ. ಶಾಲೆಯಲ್ಲಿ ಅವನು ಗಿಡ್ಡ, ಗೆಳೆಯರಲ್ಲಿ ಕುಳ್ಳ, ನಾಲ್ಕಕ್ಷರ ಬಲ್ಲವರ ಬಾಯಲ್ಲಿ ವಾಮನಮೂರ್ತಿ. ಹೆಣ್ಣಿನ ಕಡೆಯವರು ವರನ ಗುಣನಡತೆಗಿಂತ ಮೊದಲು ಎತ್ತರವನ್ನು ವಿಚಾರಿಸುತ್ತಾರೆ. ಅವನು ಸಿಟ್ಟಾದರೆ ಗಿಡ್ಡರಿಗೆ ಕೋಪ ಹೆಚ್ಚು ಎನ್ನುತ್ತೇವೆ. ಸುಮ್ಮನಿದ್ದರೆ ಧೈರ್ಯ ಸಾಲದು ಎನ್ನುತ್ತೇವೆ. ಈ ಅಳತೆಗೋಲು ಎಷ್ಟು ನಂಬಲರ್ಹವೆಂದು ಪರೀಕ್ಷಿಸಲು ನಮ್ಮ ದೇಶದ ಎರಡನೆಯ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಬಾಳನ್ನು ಒಮ್ಮೆ ಅವಲೋಕಿಸೋಣ.

ಅವರು ಹುಟ್ಟಿದ್ದು 1904ರ ಅಕ್ಟೋಬರ್ 2ರಂದು, ಕಾಶಿಯ ಸಮೀಪದ ಮುಘಲ್‌ಸರಾಯ್‌ನಲ್ಲಿ. ತಂದೆ ಶಾರದಾ ಪ್ರಸಾದರು ಮೊದಲು ಉಪಾಧ್ಯಾಯರು, ಬಳಿಕ ಕಂದಾಯ ಕಚೇರಿಯ ಗುಮಾಸ್ತರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ತಾಯಿ ರಾಮದುಲಾರಿ ದೇವಿ ತವರುಮನೆಯ ಆಶ್ರಯ ಸೇರಿದರು. ಮನೆಯವರು ಬಾಲಕನನ್ನು ಕರೆಯುತ್ತಿದ್ದುದು ನನ್ಹೆ ಎಂದು, ಅಂದರೆ ಪುಟಾಣಿ. ಮಕ್ಕಳನ್ನು ಹೀಗೆ ಮುದ್ದಿನಿಂದ ಕರೆಯುವುದು ಸಹಜ. ಆದರೆ ಈ ಬಾಲಕ ಬೆಳೆದು ದೊಡ್ಡವನಾದ ಮೇಲೂ ನಿಲುವು ಐದಡಿಯ ಆಸುಪಾಸಿನಲ್ಲಿಯೇ ಉಳಿಯಿತು.

ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಶಾಲೆ ಬಿಟ್ಟ ಲಾಲ್ ಬಹದ್ದೂರರು ಮುಂದೆ ಕಾಶಿ ವಿದ್ಯಾಪೀಠವನ್ನು ಸೇರಿ ತತ್ತ್ವಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1925ರಲ್ಲಿ ಅಲ್ಲಿ ದೊರೆತ ಪದವಿಯ ಹೆಸರೇ ಶಾಸ್ತ್ರಿ. ಜಾತಿಯನ್ನು ಸೂಚಿಸುವ ಶ್ರೀವಾಸ್ತವ ಎಂಬ ಕುಲನಾಮವನ್ನು ಅವರು ಕೈಬಿಟ್ಟಿದ್ದರು. ಹುಟ್ಟಿನಿಂದ ಬಂದ ಗುರುತನ್ನು ಬಿಟ್ಟು, ಓದಿನಿಂದ ಬಂದ ಗುರುತನ್ನು ಜನರು ಅವರಿಗಿತ್ತರು. 1928ರಲ್ಲಿ ಲಲಿತಾ ದೇವಿಯವರನ್ನು ವರಿಸಿದಾಗ ಅವರು ಮಾವನಿಂದ ಸ್ವೀಕರಿಸಿದ್ದು ಒಂದು ಚರಕ ಮತ್ತು ಕೆಲವು ಗಜ ಖಾದಿ ಮಾತ್ರ. ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಹಲವು ವರ್ಷ ಸೆರೆಮನೆಯಲ್ಲಿ ಕಳೆದರು.

ಸ್ವಾತಂತ್ರ್ಯ ಬಂದ ಕಾಲದಲ್ಲಿ ಉತ್ತರ ಪ್ರದೇಶದ ನಾಯಕರು ಆಜಾನುಬಾಹು ಗೋವಿಂದ ವಲ್ಲಭ ಪಂತರು. ಅವರ ಸಂಪುಟದಲ್ಲಿ ಪೊಲೀಸ್ ಮತ್ತು ಸಾರಿಗೆ ಖಾತೆಗಳು ಶಾಸ್ತ್ರಿಯವರ ಪಾಲಿಗೆ ಬಂದವು. ಕರ್ನಾಟಕದಲ್ಲಿ ಪೊಲೀಸ್ ಪೇದೆಯಾಗಬಯಸುವ ಗಂಡಸರಿಗೆ ಸಾಮಾನ್ಯವಾಗಿ 168 ಸೆಂಟಿಮೀಟರ್ ಎತ್ತರ ಬೇಕು. ಆ ಅಳತೆಯಲ್ಲಿ ಶಾಸ್ತ್ರಿಯವರು ಪೇದೆಯೂ ಆಗಲಾರರು. ಅಂಥವರು ಇಡೀ ರಾಜ್ಯದ ಪೊಲೀಸರ ಮೇಲೆ ಅಧಿಕಾರ ನಡೆಸಿದರು. ಗುಂಪನ್ನು ಚದುರಿಸಲು ಲಾಠಿಯ ಬದಲು ನೀರಿನ ಕೊಳವೆ ಬಳಸುವಂತೆ ಸೂಚಿಸಿದರು. ಬಸ್ಸುಗಳಲ್ಲಿ ಮಹಿಳಾ ನಿರ್ವಾಹಕರಿಗೆ ಅವಕಾಶ ಮಾಡಿಕೊಟ್ಟವರೂ ಅವರೇ.

1952ರಲ್ಲಿ ಅವರು ಕೇಂದ್ರದ ರೈಲ್ವೆ ಸಚಿವರಾದರು. 1956ರ ಸೆಪ್ಟೆಂಬರ್‌ನಲ್ಲಿ ಮೆಹಬೂಬ್‌ನಗರದ ಬಳಿ ನಡೆದ ಅಪಘಾತದ ಹೊಣೆ ಹೊತ್ತು ಅವರು ಸಲ್ಲಿಸಿದ ರಾಜೀನಾಮೆಯನ್ನು ನೆಹರೂ ಅವರು ಅಂಗೀಕರಿಸಲಿಲ್ಲ. ಅದೇ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಇನ್ನೊಂದು ದುರಂತ ಸಂಭವಿಸಿದಾಗ ಶಾಸ್ತ್ರಿಯವರು ಅಧಿಕಾರ ತೊರೆದೇಬಿಟ್ಟರು.

1964ರ ಮೇ ತಿಂಗಳಲ್ಲಿ ಅವರು ನಮ್ಮ ನಾಡಿನ ಕೃಷ್ಣಾತೀರಕ್ಕೆ ಬಂದು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇರಿಸಿದರು. ಅಲ್ಲಿಯ ಜಲಾಶಯಕ್ಕೆ ಈಗ ಅವರದೇ ಹೆಸರು. ಅದೇ ತಿಂಗಳ 27ರಂದು ನೆಹರೂ ನಿಧನರಾದರು. ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಿಯಾದರು. ನೆಹರೂ ಅವರ ಪೀಠವನ್ನು ಈ ಸಣ್ಣ ಆಳು ತುಂಬಬಲ್ಲರೇ ಎಂಬ ಸಂಶಯ ದೇಶದ ಒಳಗೂ ಹೊರಗೂ ಎದ್ದಿತು. ಅಕ್ಟೋಬರ್‌ನಲ್ಲಿ ಕರಾಚಿಯಲ್ಲಿ ಅವರನ್ನು ಭೇಟಿಯಾದ ಪಾಕಿಸ್ತಾನದ ಅಧ್ಯಕ್ಷ, ಭಾರೀ ನಿಲುವಿನ ಸೇನಾನಿ ಅಯೂಬ್ ಖಾನರಿಗೂ ಅವರು ದುರ್ಬಲರಾಗಿ ಕಂಡರೆಂದು ಆ ಕಾಲದ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. 1965ರ ಯುದ್ಧಕ್ಕೆ ಬೇರೆ ಕಾರಣಗಳು ಹಲವಿದ್ದವು. ಆ ತಪ್ಪು ಅಂದಾಜೂ ಅವುಗಳಲ್ಲಿ ಸೇರಿತ್ತು. ಆಗಸ್ಟ್‌ನಲ್ಲಿ ಕಾಶ್ಮೀರದೊಳಗೆ ಪಾಕಿಸ್ತಾನದ ನುಸುಳುಕೋರರು ಬಂದರು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಶಾಸ್ತ್ರಿಯವರ ಅನುಮತಿಯೊಂದಿಗೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ನಡೆಯಿತು.

ಇಲ್ಲಿ ಇನ್ನೊಂದು ಪೂರ್ವಗ್ರಹ ತಲೆಯೆತ್ತುತ್ತದೆ. ಗಿಡ್ಡ ಆಳು ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಆರ್ಭಟಿಸುತ್ತಾನೆ ಎಂಬ ಮಾತಿಗೆ ಎಲ್ಲರೂ ಕೊಡುವ ಉದಾಹರಣೆ ನೆಪೋಲಿಯನ್. ವಾಸ್ತವದಲ್ಲಿ ನೆಪೋಲಿಯನ್ ತನ್ನ ಕಾಲದ ಫ್ರೆಂಚರ ಸರಾಸರಿ ಎತ್ತರದವನೇ. ಅವನನ್ನು ಕುಳ್ಳನಾಗಿಸಿದ್ದರಲ್ಲಿ ಆಂಗ್ಲ ವ್ಯಂಗ್ಯಚಿತ್ರಕಾರರ ಪಾಲು ದೊಡ್ಡದು. ನಿಜವಾಗಿಯೂ ಗಿಡ್ಡರಾಗಿದ್ದ ಶಾಸ್ತ್ರಿಯವರು ಗೆಲುವಿನ ಅಮಲಿನಲ್ಲಿ ಮೆರೆಯಲಿಲ್ಲ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ, ನಮ್ಮ ಸೈನಿಕರು ಗೆದ್ದಿದ್ದ ಹಾಜಿಪೀರ್ ಕಣಿವೆದಾರಿಯನ್ನೂ ಹಿಂದಿರುಗಿಸಲು ಒಪ್ಪಿದರು. ಸ್ವದೇಶದಲ್ಲಿ ಟೀಕೆ ಕಾದಿದೆಯೆಂದು ತಿಳಿದೂ ಮಾಡಿದ ಕಾರ್ಯವಿದು. ಅವರ ಯುದ್ಧಕ್ಕೂ ಶಾಂತಿಗೂ ಕಾರಣವನ್ನು ಅವರ ವಿವೇಕದಲ್ಲಿ ಹುಡುಕಬೇಕೇ ಹೊರತು ಎತ್ತರದಲ್ಲಿ ಅಲ್ಲ.

ಸಹಿ ಹಾಕಿದ ಕೆಲವೇ ಗಂಟೆಗಳಲ್ಲಿ, 11ರ ನಸುಕಿಗೆ ಮುನ್ನ, ಅವರು ತಾಷ್ಕೆಂಟಿನಲ್ಲಿಯೇ ಅಸುನೀಗಿದರು. ಪಾರ್ಥಿವ ಶರೀರವನ್ನು ವಿಮಾನಕ್ಕೆ ಒಯ್ಯುವಾಗ ಸೋವಿಯತ್ ಪ್ರಧಾನಿ ಕೊಸಿಗಿನ್ನರ ಜೊತೆ ಅಯೂಬ್ ಖಾನರೂ ಹೆಗಲು ಕೊಟ್ಟರು.

ಇಂಥವರ ಕಥೆ ಹೇಳಿ ಮುಗಿಸುವಾಗ ನಮ್ಮ ಬಾಯಿಗೆ ಬರುವ ಗಾದೆ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದು. ಹೊಗಳಿಕೆಯಂತೆ ಕಾಣುವ ಈ ಮಾತಿನ ಆದರೂ ಎಂಬ ಪದವನ್ನು ಸ್ವಲ್ಪ ವಿಚಾರಿಸೋಣ. ಚಿಕ್ಕ ಮೂರ್ತಿಗೆ ಕೀರ್ತಿ ಸಲ್ಲುವುದು ಅಸಹಜವೆಂಬ ಭಾವನೆ ಅದರೊಳಗೆ ಅಡಗಿದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪ್ರಧಾನಿಯಾದ ಗಿಡ್ಡ ವ್ಯಕ್ತಿಗೆ ಗೌರವ ಸಲ್ಲಿಸುವುದು ಸುಲಭ. ಜೋಳದ ಹೊಲದಲ್ಲಿ ದುಡಿಯುವ, ಅಂಗಡಿಯ ಗಲ್ಲೆಯ ಹಿಂದೆ ಕೂರುವ, ಎಂದೂ ಪ್ರಸಿದ್ಧನಾಗದ ಗಿಡ್ಡ ಯುವಕನಿಗೆ ಅದೇ ಗೌರವ ಸಲ್ಲಬೇಡವೇ? ಅವನು ದೊಡ್ಡ ಸಾಧನೆಯಿಂದ ತನ್ನ ಎತ್ತರಕ್ಕೆ ಪರಿಹಾರ ತೆರಬೇಕಾದ ಋಣವೇನೂ ಇಲ್ಲ.

ಶುಭಸಂದೇಶದ ಜಕ್ಕಾಯನೂ ಗಿಡ್ಡನೇ. ಜನಸಂದಣಿಯಲ್ಲಿ ಕಾಣದೆ ಮರವೇರಿದ ಅವನನ್ನು ಯೇಸುಸ್ವಾಮಿ ಕರೆದದ್ದು ಹೆಸರು ಹಿಡಿದು. ನಮ್ಮ ಮನೆಗಳ ಮಕ್ಕಳಿಗೂ ದೀಕ್ಷಾಸ್ನಾನದಲ್ಲಿ ಇಟ್ಟ ಒಂದೊಂದು ಹೆಸರಿದೆ. ಅಂಗಳದಲ್ಲಿ, ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಅವರನ್ನು ಆ ಹೆಸರಿನಿಂದಲೇ ಕರೆಯೋಣ.